ಗೋಡೆಯ ಮೇಲಿನ ಪ್ಲೂಟೊ

ಮಾನ್ಯರೇ,

ಮಂಡ್ಯದ ನಮ್ಮ ಬಡಾವಣೆಯ ಶಾಲೆಯೊಂದರ ಕಾಂಪೌಂಡ್ ಗೋಡೆಗೆ ಈಚೆಗೆ ಸೌರಮಂಡಲ ಬರೆಸಿದ್ದಾರೆ. ಬಣ್ಣ ಚೆನ್ನಾಗಿದೆ. ಆದರೆ ಒಂಬತ್ತನೇ ಗ್ರಹವಾಗಿ ಪ್ಲೂಟೊ ಇನ್ನೂ ಅಲ್ಲೇ ಇದೆ! ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2006ರಲ್ಲೇ ಅದನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿತು. ಅದು ನಮ್ಮ ಚಂದ್ರನಿಗಿಂತಲೂ ಚಿಕ್ಕದು. ನೆಪ್ಚೂನಿನಾಚೆ ಅಂಥ ಹಿಮದ ಕಾಯಗಳು ಬೇಕಾದಷ್ಟಿವೆ. ಪಾಠದಲ್ಲಿ ಎಂಟು ಎಂದು ಓದಿದ್ದ ಮಗಳು ಗೋಡೆಯಲ್ಲಿ ಒಂಬತ್ತು ಎಣಿಸಿ, ‘ಅಪ್ಪಾ, ಯಾವುದು ಸರಿ?’ ಎನ್ನುತ್ತಾ ಬೆರಳು ಮಡಚಿಕೊಂಡೇ ನಿಂತಳು.

ಅಳಿಸುವುದು ಬೇಡ, ಪಾಪ. ಪಕ್ಕದಲ್ಲಿ ‘ಕುಬ್ಜಗ್ರಹ’ ಎಂದು ಬರೆಸಲಿ. ಮಂಗಳ, ಗುರುಗಳ ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಕ್ಷುದ್ರಗ್ರಹಗಳನ್ನೂ, ಅವುಗಳ ನಡುವೆಯೇ ಸುತ್ತುವ ಇನ್ನೊಂದು ಕುಬ್ಜಗ್ರಹ ಸೀರಿಸನ್ನೂ ತುಂಬಿಸಲಿ. ಪೇಂಟರಿಗೆ ಒಂದು ದಿನದ ಕೆಲಸ.

– ಓದುಗ, ಮಂಡ್ಯ