ಚಳಿ ಊರಿಗೆ ಒಂದೇ ಬ್ಯಾಗು ಸಾಕು

ಮಾನ್ಯ ಸಂಪಾದಕರೇ,

ಚಳಿಗಾಲ ಹತ್ತಿರವಾದರೆ ಸಾಕು, ಪತ್ರಿಕೆಗಳ ಪ್ರವಾಸ ಪುಟದಲ್ಲಿ ಹಿಮ ಬೀಳುವ ಊರುಗಳ ಚೆಂದದ ಫೋಟೊಗಳು ಬರುತ್ತವೆ. ಎಲ್ಲಿ ಉಳಿಯಬೇಕು, ಏನು ನೋಡಬೇಕು ಎಲ್ಲವೂ ಇರುತ್ತದೆ. ಬಟ್ಟೆಯ ವಿಷಯಕ್ಕೆ ಮಾತ್ರ ‘ಬೆಚ್ಚನೆಯ ಉಡುಪು ಜತೆಗಿರಲಿ’ ಅಂತ ಒಂದೇ ಸಾಲು. ಅಷ್ಟನ್ನೇ ಓದಿದ ಜನ ಮನೆಯಲ್ಲಿರುವ ಸ್ವೆಟರ್‌ಗಳನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ತುರುಕುತ್ತಾರೆ. ಹಿಮದ ಮೇಲೆ ಅದರ ಚಕ್ರ ಉರುಳುವುದಿಲ್ಲ, ಎತ್ತಿಕೊಂಡೇ ನಡೆಯಬೇಕು. ಜಾರುವ ಮೆಟ್ಟಿಲಿನಲ್ಲಿ ಎರಡು ಕೈಯಲ್ಲೂ ಲಗೇಜು ಹಿಡಿದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಕಂಬಿ ಹಿಡಿಯಲು ಕೈಯೇ ಇರುವುದಿಲ್ಲ. ನನಗೆ ಇದೇ ಭಯ. ವಿಮಾನದೊಳಗೆ ಒಯ್ಯುವ ಒಂದೇ ಬ್ಯಾಗಿನಲ್ಲಿ ಚಳಿಗೆ ಬೇಕಾದದ್ದೆಲ್ಲ ಹಿಡಿಯುತ್ತದೆ, ಅದನ್ನು ಯಾರಾದರೂ ಬಿಡಿಸಿ ಹೇಳಬೇಕಲ್ವಾ?

ಬಟ್ಟೆಗಳ ನಡುವೆ ಅಲುಗಾಡದೆ ನಿಂತ ಗಾಳಿಯೇ ಮೈಯನ್ನು ಬೆಚ್ಚಗಿಡುವುದು. ಹಾಗಾಗಿ ಒಂದು ಭಾರಿ ಕೋಟಿಗಿಂತ ಮೂರು ಪದರ ಮೇಲು. ಮೈಗಂಟಿದ ಥರ್ಮಲ್ ಒಳಉಡುಪು, ಅದರ ಮೇಲೆ ಫ್ಲೀಸ್ (ಉಣ್ಣೆಯಂಥ ಮೆತ್ತನೆಯ ಸಿಂಥೆಟಿಕ್ ಬಟ್ಟೆ) ಅಥವಾ ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ ತೆಳು ಡೌನ್ ಜಾಕೆಟ್, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಹೊರಗೆ ಮೈನಸ್ 10 ಡಿಗ್ರಿ ಇದ್ದರೂ ಬಸ್ಸು, ಮ್ಯೂಸಿಯಂ, ಹೋಟೆಲಿನೊಳಗೆ ಹೀಟರ್ ಉರಿಯುತ್ತಿರುತ್ತದೆ, ದಪ್ಪ ಕೋಟೊಂದನ್ನೇ ನಂಬಿದವರು ಒಳಗೆ ಬೆವರಿ ಅದೇ ಒದ್ದೆ ಮೈಯಲ್ಲಿ ಹೊರಗೆ ಬಂದು ನಡುಗುತ್ತಾರೆ. ಪದರವಾದರೆ ಒಂದೊಂದೇ ಬಿಚ್ಚಬಹುದು. ಒದ್ದೆ ಹಿಮ ಬೀಳುವ ಕಡೆಗೆ ಹೋಗುವವರು ಡೌನ್ ಬದಲು ಸಿಂಥೆಟಿಕ್ ತುಂಬಿದ ಜಾಕೆಟ್ ಒಯ್ಯಿರಿ, ನೆನೆದ ಡೌನ್ ಮುದ್ದೆಯಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ.

ಹತ್ತಿ ಬನಿಯನ್, ಜೀನ್ಸ್ ಮನೆಯಲ್ಲೇ ಇರಲಿ. ಹತ್ತಿ ಬೆವರು ಹೀರಿಕೊಂಡು ಬೇಗ ಒಣಗುವುದಿಲ್ಲ, ನೀರಿಗೋ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುವ ಗುಣ, ಹಾಗಾಗಿ ಒದ್ದೆ ಬಟ್ಟೆ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಮೆರಿನೊ ಕುರಿಯ ನಯವಾದ ಉಣ್ಣೆಯ ಒಳಉಡುಪು ನಾಲ್ಕಾರು ದಿನ ಹಾಕಿದರೂ ಅಷ್ಟಾಗಿ ವಾಸನೆ ಬರುವುದಿಲ್ಲ. ಎರಡು ಜತೆ ಇದ್ದರೆ ವಾರವೋ ತಿಂಗಳೋ ಒಂದೇ ಲೆಕ್ಕ. ರಾತ್ರಿ ಸಿಂಕಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ ಮೆಲ್ಲಗೆ ಅದ್ದಿ ತೆಗೆಯಿರಿ, ಹಿಂಡಬೇಡಿ. ಒಣ ಟವೆಲ್ ಹರಡಿ, ಬಟ್ಟೆಯನ್ನು ಅದರ ಮೇಲಿಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ ಮೊಣಕಾಲೂರಿ ಒತ್ತಿದರೆ ನೀರೆಲ್ಲ ಟವೆಲಿಗೆ ಇಳಿಯುತ್ತದೆ. ಹೀಟರ್ ಇರುವ ಕೋಣೆಯ ಗಾಳಿ ಒಣಗಿರುವುದರಿಂದ ತೆಳು ಬಟ್ಟೆ ಬೆಳಗಾಗುವಷ್ಟರಲ್ಲಿ ಹಾಕಿಕೊಳ್ಳಲು ಸಿದ್ಧ.

ತೂಕದ ಮಾತಿಗೆ ಬರುತ್ತೇನೆ. ಬಹಳಷ್ಟು ವಿಮಾನಗಳಲ್ಲಿ ಕೈಲಗೇಜಿಗೆ 7 ಕೆಜಿ ಮಿತಿ. ಭಾರದ ಶೂ, ದಪ್ಪ ಜಾಕೆಟ್ ಮೈಮೇಲೇ ಇರಲಿ, ಟೋಪಿ, ಗ್ಲೌಸ್ ಜೇಬಿಗೆ. ಒಳಗಿನ ಗಾಳಿ ತೆಗೆದು ಬಟ್ಟೆ ಕುಗ್ಗಿಸುವ ಚೀಲಗಳನ್ನು ಸುಮ್ನೆ ಕೊಳ್ಳಬೇಡಿ, ಜಾಗ ಉಳಿಯುತ್ತದೆಯೇ ಹೊರತು ತೂಕ ಒಂದು ಗ್ರಾಮೂ ಇಳಿಯುವುದಿಲ್ಲ. ಕಾಲು ಬೆಚ್ಚಗಿರಲಿ ಅಂತ ಬಿಗಿ ಶೂ ಒಳಗೆ ಎರಡು ಮೂರು ಸಾಕ್ಸ್ ತುರುಕುವವರೂ ಇದ್ದಾರೆ. ರಕ್ತ ಓಡಾಡದೆ ಕಾಲು ಇನ್ನೂ ಜಾಸ್ತಿ ತಣ್ಣಗಾಗುತ್ತದೆ, ಒಂದೇ ಉಣ್ಣೆ ಸಾಕ್ಸ್, ಬೆರಳಾಡಿಸುವಷ್ಟು ಜಾಗವಿರುವ ಶೂ ಸಾಕು. ಕ್ರೀಮು, ಲೋಷನ್ ಯಾವುದೂ 100 ಎಂಎಲ್ ಬಾಟಲಿ ಮೀರದಿರಲಿ, ಆದರೆ ಸನ್‌ಸ್ಕ್ರೀನ್ ಬಿಡಬೇಡಿ. ಹೊಸ ಹಿಮ ಅತಿನೇರಳೆ ಕಿರಣವನ್ನು ಶೇ 80ರವರೆಗೆ ಮುಖಕ್ಕೇ ತಿರುಗಿ ಎಸೆಯುತ್ತದೆ. ಪವರ್ ಬ್ಯಾಂಕ್ ಹೇಗೂ ಕೈಲಗೇಜಿನಲ್ಲೇ ಇರಬೇಕು, ಮತ್ತು ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುವುದರಿಂದ ಫೋನು ಒಳಜೇಬಿನಲ್ಲಿರಲಿ.

ಎಳೆಮಕ್ಕಳ ಜತೆ ಹೋಗುವವರಿಗೆ, ಶಿಖರ ಹತ್ತುವವರಿಗೆ ಈ ಲೆಕ್ಕ ಸಾಲದು, ಒಪ್ಪುತ್ತೇನೆ. ಉಳಿದವರಿಗೆ ಧಾರಾಳವಾಗಿ ಸಾಕು. ನನ್ನ ಕೋರಿಕೆ ಇಷ್ಟೇ. ಮುಂದೆ ಚಳಿ ಊರಿನ ಬಗ್ಗೆ ಲೇಖನ ಹಾಕುವಾಗ ಆ ತಿಂಗಳಲ್ಲಿ ಅಲ್ಲಿ ಹಗಲು ರಾತ್ರಿ ಎಷ್ಟು ಡಿಗ್ರಿ, ಗಾಳಿ ಹೇಗೆ, ಹಿಮದ ಬೂಟು, ಸೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆಯೇ ಎಂಬುದನ್ನು ಫೋಟೊ ಪಕ್ಕದಲ್ಲೇ ನಾಲ್ಕು ಸಾಲು ಬರೆಯಿರಿ.

ಇತಿ,
ಒಬ್ಬ ಓದುಗ