ಎದುರು ಮನೆಯವರ ವಿಷಯಕ್ಕೆ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿ ಮೊದಲು ಜೋರಾಗಿ ನಕ್ಕುಬಿಟ್ಟೆ. ಹೊಸ ಫ್ಲ್ಯಾಟಿಗೆ ಬಂದು ಇನ್ನೂ ಗಂಟುಮೂಟೆ ಬಿಚ್ಚಿಲ್ಲ, ಅಷ್ಟರಲ್ಲಿ ಎದುರು ಮನೆಯವರು ಬಾಗಿಲು ತಟ್ಟಿ, "ಈ ಶೂ ರ್‍ಯಾಕ್ ಇಲ್ಲಿ ಯಾಕೆ? ಬೆಂಕಿ ಬಿದ್ರೆ ನಾನು ಇದನ್ನ ಹಾರಿಕೊಂಡು ಹೋಗ್ಬೇಕಾ?" ಅಂದರಂತೆ. ಹೆಸರು ಕೇಳಲಿಲ್ಲ, ಒಂದು ನಗು ಇಲ್ಲ. ಕೊರಳಲ್ಲಿ ವಿಸಿಲ್ ಬೇರೆ! ಆದರೆ ಕೊನೆಯ ಸಾಲಿಗೆ ಬಂದಾಗ ನನ್ನ ನಗು ನಿಂತಿತು. "ಇಂಥ ತಿಕ್ಕಲು ಮನುಷ್ಯನ ಎದುರು ಹೇಗಪ್ಪಾ ಇರೋದು" ಅಂತ ಬರೆದಿದ್ದೀಯ.

ಒಂದು ಕೆಲಸ ಮಾಡು. ಅವರ ಮಾತಿನಿಂದ ಆ ದನಿಯನ್ನು ತೆಗೆದುಬಿಡು. ಏನು ಉಳಿಯುತ್ತದೆ? ಕಾರಿಡಾರಿನಲ್ಲಿ ಸಾಮಾನು ಇಡಬೇಡ ಅನ್ನೋದು. ಅದು ಸರಿ ತಾನೆ? ಬೆಂಕಿ ಬಿದ್ದಾಗ ಲಿಫ್ಟ್ ಹತ್ತುವ ಹಾಗಿಲ್ಲ. ಉಳಿಯೋದು ಆ ಕಾರಿಡಾರು ಮತ್ತು ಮೆಟ್ಟಿಲು. ಹೊಗೆ ತುಂಬಿದರೆ ಕಣ್ಣು ಕಾಣಲ್ಲ, ಜನ ಬಗ್ಗಿಕೊಂಡು ಗೋಡೆ ತಡವುತ್ತಾ ಹೋಗಬೇಕು. ನಿನ್ನ ರ್‍ಯಾಕ್ ನಿಂತಿರೋದು ಅದೇ ಗೋಡೆಗೆ ಒರಗಿ. ಒಳಗಿಟ್ಟುಬಿಡು. ಇಟ್ಟೆ ಅಂತ ಹೋಗಿ ಹೇಳಲೂ ಬೇಡ. ಇಂಥವರ ಕಣ್ಣು ತಪ್ಪಿಸಿ ಏನೂ ಹೋಗಲ್ಲ.

ನಾನೇನು ಹುಟ್ಟಿನಿಂದ ಜಾಣೆ ಅಂದುಕೊಳ್ಳಬೇಡ. ನಾವು ಮೊದಲು ಇದ್ದ ಮನೆಯಲ್ಲಿ, ಕೆಳಗಿನ ಮಹಡಿಯ ಮುದುಕರು ಒಂದು ದಿನ ಮೇಲೆ ಬಂದು, "ಆನೆ ಸಾಕಿದ್ದೀರಾ?" ಅಂತ ಕೇಳಿದರು. ನಮ್ಮ ಮನೆಯಲ್ಲಿ ಇದ್ದದ್ದು ಇಬ್ಬರೇ, ಜೋರಾಗಿ ಮಾತೂ ಆಡುತ್ತಿರಲಿಲ್ಲ. ನನಗೆ ಎಂಥ ಸಿಟ್ಟು ಬಂತು ಅಂದರೆ, ಅವರು ಕೆಳಗೆ ಇಳಿಯೋ ಹೊತ್ತಿಗೆ ಸರಿಯಾಗಿ ಕುರ್ಚಿಯನ್ನು ಬೇಕಂತಲೇ ಎಳೆದೆ. ಎರಡು ಸಲ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ವಾರ ಬಿಟ್ಟು ಅವರು ಮತ್ತೆ ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ. "ಬನ್ನಿ, ಕೇಳಿ" ಅಂತ ಕರೆದುಕೊಂಡು ಹೋಗಿ ತಮ್ಮ ಮಂಚದ ತುದಿಯಲ್ಲಿ ಕೂರಿಸಿದರು. ಮೇಲೆ ನಿಮ್ಮ ದೊಡ್ಡಪ್ಪ ಊಟಕ್ಕೆ ಕುರ್ಚಿ ಎಳೆದುಕೊಂಡರು, ಅಷ್ಟೇ. ನನ್ನ ತಲೆಯ ಮೇಲೆ ಗುಡುಗು ಉರುಳಿದ ಹಾಗಾಯಿತು. ಮೇಜಿನ ಮೇಲಿದ್ದ ಅವರ ಕನ್ನಡಕ ಲೋಟಕ್ಕೆ ತಾಗಿ ಸಣ್ಣಗೆ ಕಿಣಿಕಿಣಿ ಅಂದಿತು. ಅವರು ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡುತ್ತಾ ಕೂತಿದ್ದರು.

ಆಮೇಲೆ ತಿಳಿದುಕೊಂಡೆ. ನಾವು ಆಡುವ ಮಾತನ್ನು ದಪ್ಪ ಕಾಂಕ್ರೀಟು ಸಾಕಷ್ಟು ತಡೆಯುತ್ತದೆ. ನೆಲಕ್ಕೇ ನೇರವಾಗಿ ಬೀಳುವ ಪೆಟ್ಟನ್ನು ಹಾಗೆ ತಡೆಯಲ್ಲ, ಇಡೀ ಕಟ್ಟಡದೊಳಗೆ ಹರಿದಾಡಿಸುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಕಾಂಕ್ರೀಟಿನಲ್ಲಿ 3000 ಮೀಟರಿಗೂ ಜಾಸ್ತಿ. ಇನ್ನೊಂದು, ವಯಸ್ಸಾದಂತೆ ಕಿವಿಯಲ್ಲಿ ಮೊದಲು ಹೋಗೋದು ಸಣ್ಣ ಕೀರಲು ದನಿಗಳು. ದಡ್ ದಡ್ ಅನ್ನೋದು ಉಳಿಯುತ್ತದೆ. ಕಿವಿ ಮಂದ ಆದವರಿಗೆ ಇದು ಹೇಗೆ ಕೇಳಿಸುತ್ತೆ ಅಂತ ಅಲ್ಲಿಯವರೆಗೆ ನಾನೇ ಗೊಣಗಿಕೊಂಡಿದ್ದೆ! ಕುರ್ಚಿ ಕಾಲುಗಳಿಗೆಲ್ಲ ದಪ್ಪ ಬಟ್ಟೆಯ ಬಿಲ್ಲೆ ಅಂಟಿಸಿದೆವು. ನೀನೂ ಅಂಟಿಸು, ಯಾರೂ ಕೇಳುವ ಮುಂಚೆ.

ಅವರು ಆಮೇಲೆ ನಮಗೆ ಆಪ್ತರಾದರು ಅಂತ ಕಥೆ ಕಟ್ಟಲ್ಲ. ಕೊನೆಯವರೆಗೂ ಹಾಗೇ ಇದ್ದರು, ಕಡ್ಡಿ ಮುರಿದ ಹಾಗೆ. ಒಮ್ಮೆ ಲಿಫ್ಟಿನಲ್ಲಿ ಸಿಕ್ಕಾಗ "ಈಗ ಪರವಾಗಿಲ್ಲ" ಅಂದರು. ಅಷ್ಟೇ. ಆದರೆ ಬೆನ್ನ ಹಿಂದೆ ನಮ್ಮ ಬಗ್ಗೆ ಒಂದು ಮಾತು ಆಡಿದ್ದು ಕೇಳಲಿಲ್ಲ. ನಗುನಗುತ್ತಾ ಮಾತಾಡಿಸುತ್ತಿದ್ದ ಎಷ್ಟೋ ಜನರ ಬಗ್ಗೆ ಹಾಗೆ ಹೇಳಲಾರೆ.

ಹಾಗಂತ ಎಲ್ಲದಕ್ಕೂ ತಲೆ ಬಾಗಿಸು ಅನ್ನುತ್ತಿಲ್ಲ. ರ್‍ಯಾಕಿನ ಬಗ್ಗೆ ಅನ್ನಲಿ, ಸದ್ದಿನ ಬಗ್ಗೆ ಅನ್ನಲಿ. ನಿನ್ನ ಬಟ್ಟೆ, ಮನೆಗೆ ಬರೋ ನೆಂಟರು, ನೀನು ಬರೋ ಹೊತ್ತು, ಇದರ ಮೇಲೆ ಬಾಯಿ ಹಾಕಿದರೆ "ಅದು ನನ್ನ ವಿಷಯ" ಅಂತ ಅವರಷ್ಟೇ ನೇರವಾಗಿ ಹೇಳು. ದನಿ ಏರಿಸಬೇಡ, ವಿವರಣೆಯನ್ನೂ ಕೊಡಬೇಡ. ನೇರ ಮಾತಾಡುವವರು ಸಾಮಾನ್ಯವಾಗಿ ನೇರ ಮಾತು ತಡೆದುಕೊಳ್ಳುತ್ತಾರೆ. ತಡೆದುಕೊಳ್ಳದಿದ್ದರೆ ಅದು ನೇರವಂತಿಕೆ ಅಲ್ಲ, ಬರೀ ದರ್ಪ. ಆಗ ಕಟ್ಟಡದ ಸಂಘಕ್ಕೆ ಲಿಖಿತವಾಗಿ ಕೊಡು.

ಗೋಡೆಗೆ ಡ್ರಿಲ್ ಹಾಕಿಸೋದಿದ್ದರೆ ಹಿಂದಿನ ದಿನವೇ ಅವರ ಬಾಗಿಲು ತಟ್ಟಿ ಹೊತ್ತು ಹೇಳಿಬಿಡು. ಮತ್ತೆ, ಆ ವಾಟ್ಸಾಪ್ ಗ್ರೂಪಿನಲ್ಲಿ ಅವರನ್ನು ಆಡಿಕೊಂಡು ನಗುತ್ತಾರೆ ಅಂದೆಯಲ್ಲ, ನೀನು ಅಲ್ಲಿ ಒಂದು ನಗುಮುಖವನ್ನೂ ಹಾಕಬೇಡ. ನೀನು ಬಂದು ಇನ್ನೂ ನಾಲ್ಕು ದಿನ. ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೋ.

ಆ ವಿಸಿಲ್ ಯಾಕೆ ಅಂತ ಮಾತ್ರ ಒಂದು ದಿನ ಕೇಳು ಮಾರಾಯ್ತಿ. ಕೇಳಿ ನನಗೆ ಬರಿ.

ನಿನ್ನ
ದೊಡ್ಡಮ್ಮ