ತೀರ್ಪು ಬಂದರೆ ಪೆನ್ಷನ್ ಕೈಗೆ ಬಂದಂತಲ್ಲ

ಚಿ. ವಿದ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಡೈವೋರ್ಸಿನಲ್ಲಿ ಮನೆ ಯಾರಿಗೆ ಅನ್ನುವುದರಲ್ಲೇ ವಕೀಲರ ಮಾತು ನಿಂತಿದೆ, ನಿನ್ನ ಗಂಡನ 401ಕೆ (ಅಮೆರಿಕದ ಕಂಪನಿಯ ಮೂಲಕ ಕೂಡಿಡುವ ನಿವೃತ್ತಿ ಖಾತೆ) ಮತ್ತು ಪೆನ್ಷನ್ ಆಮೇಲೆ ನೋಡೋಣ ಅಂದಿದ್ದಾರೆ ಎಂದು ನಿನ್ನಮ್ಮ ಹೇಳಿದಳು. ಆಮೇಲೆ ಅನ್ನಬೇಡ ಮಗಳೇ. ಹೆಣ್ಣುಮಕ್ಕಳು ಕಳೆದುಕೊಳ್ಳುವುದು ಇಲ್ಲೇ.

ಕ್ಯಾಲಿಫೋರ್ನಿಯದ ಕಾನೂನಿನಂತೆ ಮದುವೆಯ ದಿನದಿಂದ ನೀವು ಬೇರೆಯಾದ ದಿನದವರೆಗೆ ಅವನ ಖಾತೆಗೆ ಬಿದ್ದ ದುಡಿಮೆಯಲ್ಲಿ ನಿನಗೆ ಅರ್ಧ ಹಕ್ಕಿದೆ. ಆದರೆ ಡೈವೋರ್ಸ್ ತೀರ್ಪಿನಲ್ಲಿ 'ಅರ್ಧ ಹೆಂಡತಿಗೆ' ಎಂದು ಒಂದು ಸಾಲು ಇದ್ದರೆ ಸಾಲದು. ಕಂಪನಿಗಳ ನಿವೃತ್ತಿ ಪ್ಲಾನ್‌ಗಳಿಗೆ ಅನ್ವಯಿಸುವ 1974ರ ಎರಿಸಾ ಕಾಯ್ದೆಗೆ ಒಳಪಟ್ಟ ಪ್ಲಾನ್‌ನವರು, ಅಂದರೆ ಆ ಖಾತೆ-ಪೆನ್ಷನ್ ನಡೆಸುವವರು, ನಿವೃತ್ತಿ ಹಣದಲ್ಲಿ ಸಂಗಾತಿಗೆ ಪಾಲು ಕೊಡಿ ಎನ್ನುವ ಕ್ವಾಡ್ರೋ (QDRO) ಎಂಬ ಕೋರ್ಟ್ ಆದೇಶ ಬಂದು, ಅದನ್ನು ತಾವು ಒಪ್ಪುವವರೆಗೆ ಒಂದು ಡಾಲರೂ ಕೊಡುವುದಿಲ್ಲ. ಅಷ್ಟರಲ್ಲಿ ಅವನು ಕೆಲಸ ಬಿಟ್ಟು ಹಣ ತೆಗೆದರೆ, ಇಲ್ಲವೇ ಮತ್ತೊಂದು ಮದುವೆಯಾಗಿ ತೀರಿಕೊಂಡರೆ, ನೀನು ಮತ್ತೆ ಕೋರ್ಟು ಹತ್ತಬೇಕು.

ಈ ವಾರವೇ ಪ್ಲಾನ್‌ನವರಿಗೆ ಬರೆದು ಅವರ ಕ್ವಾಡ್ರೋ ನಿಯಮಾವಳಿ ತರಿಸು, ಮಾದರಿ ಆದೇಶ ಇದ್ದರೆ ಅದನ್ನೂ ಕೇಳು. ಮದುವೆಯ ತಿಂಗಳಿನ, ಬೇರೆಯಾದ ತಿಂಗಳಿನ ಮತ್ತು ಈಗಿನ ಸ್ಟೇಟ್‌ಮೆಂಟ್‌ಗಳು ಬೇಕು. ಖಾತೆಯ ಮೇಲೆ ಅವನು ಸಾಲ ತೆಗೆದಿದ್ದಾನೆಯೇ ಎಂದೂ ನೋಡು. ಆ ಸಾಲ ಯಾರ ಪಾಲಿಗೆ ಎಂದು ಬರೆಯದಿದ್ದರೆ ಜಗಳ ಖಚಿತ. ಕರಡು ಸಿದ್ಧವಾದ ಮೇಲೆ ಮೊದಲು ಪ್ಲಾನ್‌ನವರಿಗೆ ತೋರಿಸಿ, ಅವರು ಸೈ ಅಂದಮೇಲೆ ಜಡ್ಜ್ ಸಹಿಗೆ ಇಡಿ. ಆಮೇಲೆ ಕೋರ್ಟಿನ ದೃಢೀಕೃತ ಪ್ರತಿಯನ್ನು ನೀನೇ ಕಳಿಸಿ, ಒಪ್ಪಿಗೆಯ ಪತ್ರ ಕೈಗೆ ಬರುವವರೆಗೆ ಬಿಡಬೇಡ.

ಆ ಕರಡಿನಲ್ಲಿ ಒಂದು ಸಾಲನ್ನು ಎರಡು ಸಲ ಓದು. ನಿನ್ನ ಪಾಲು 1,00,000 ಡಾಲರ್ ಅಂದುಕೊಳ್ಳೋಣ. ಆದೇಶದಲ್ಲಿ ಬರೀ ಆ ಮೊತ್ತ ಬರೆದು, ಹಣ ವರ್ಗವಾಗಲು ವರ್ಷ ಹಿಡಿದು, ಅಷ್ಟರಲ್ಲಿ ಹೂಡಿಕೆ ನೂರಕ್ಕೆ 12 ಏರಿತು ಅನ್ನು: 12,000 ಅವನ ಖಾತೆಯಲ್ಲೇ ಉಳಿಯಿತು. 'ಬೇರೆಯಾದ ದಿನದಿಂದ ವರ್ಗಾವಣೆಯ ದಿನದವರೆಗಿನ ಲಾಭ-ನಷ್ಟ ಸಹಿತ' ಎಂಬ ಮಾತು ಇರಲೇಬೇಕು. ಮಾರುಕಟ್ಟೆ ಬಿದ್ದರೆ ನಿನ್ನ ಪಾಲೂ ಇಳಿಯುತ್ತದೆ, ಅದು ನ್ಯಾಯವೇ.

ತಿಂಗಳ ಪೆನ್ಷನ್ನಿನ ಲೆಕ್ಕ ಬೇರೆ. ಅವನು ಒಟ್ಟು 240 ತಿಂಗಳು ದುಡಿದು ನಿವೃತ್ತನಾಗುತ್ತಾನೆ, ಅದರಲ್ಲಿ 108 ತಿಂಗಳು ನಿಮ್ಮ ಸಂಸಾರದ ಕಾಲದ್ದು ಅಂದರೆ 45 ಪರ್ಸೆಂಟ್. ಅದರಲ್ಲಿ ನಿನ್ನ ಅರ್ಧ 22.5. ತಿಂಗಳಿಗೆ 4,000 ಬಂದರೆ ನಿನಗೆ 900. ಇದಕ್ಕಿಂತ ದೊಡ್ಡ ಪ್ರಶ್ನೆ, ಅವನು ಸತ್ತರೆ ಏನು? ಅವನ ಕಂತಿನಲ್ಲೇ ಪಾಲು ಎಂದು ಬರೆದರೆ ಅವನ ಜೊತೆ ನಿನ್ನ 900ಕ್ಕೂ ಮುಕ್ತಾಯ. ಪ್ಲಾನ್ ಒಪ್ಪುವುದಾದರೆ ನಿನ್ನ ಆಯುಷ್ಯದ ಮೇಲೆ ಲೆಕ್ಕ ಹಾಕುವ ಪ್ರತ್ಯೇಕ ಪಾಲು ಕೇಳು. ಅವನು ನಿವೃತ್ತಿಗೆ ಮುಂಚೆಯೇ ಹೋದರೂ ನಿನ್ನನ್ನೇ ಉಳಿದ ಸಂಗಾತಿ ಎಂದು ಪರಿಗಣಿಸಬೇಕೆಂಬ ಸಾಲನ್ನೂ ಹಾಕಿಸು.

401ಕೆ ಪಾಲನ್ನು ಪೂರ್ತಿ ನಿನ್ನ ಐಆರ್‌ಎಗೆ, ಅಂದರೆ ನೀನೇ ತೆರೆಯುವ ನಿವೃತ್ತಿ ಖಾತೆಗೆ, ಹಾಕುವ ಆತುರ ಬೇಡ. ವಕೀಲರ ಫೀಸಿಗೋ ಬಾಡಿಗೆಗೋ ನಗದು ಬೇಕಿದ್ದರೆ ಅಷ್ಟನ್ನು ಕ್ವಾಡ್ರೋ ಅಡಿಯಲ್ಲಿ ನೇರವಾಗಿ ಪ್ಲಾನ್‌ನಿಂದಲೇ ತೆಗೆ: 20,000 ತೆಗೆದರೆ ಫೆಡರಲ್ ತೆರಿಗೆಗೆ 20 ಪರ್ಸೆಂಟ್ ಹಿಡಿದು 16,000 ಕೊಡುತ್ತಾರೆ, ಆದರೆ 10 ಪರ್ಸೆಂಟ್ ದಂಡ ಇಲ್ಲ. ಒಮ್ಮೆ ಐಆರ್‌ಎಗೆ ಹೋದಮೇಲೆ ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆ ತೆಗೆದರೆ ಆ ದಂಡ ಸಾಮಾನ್ಯವಾಗಿ ತಪ್ಪದು. ಹಾಗೆಯೇ 401ಕೆಯ ಒಂದು ಲಕ್ಷವನ್ನು ಬ್ಯಾಂಕಿನ ಒಂದು ಲಕ್ಷಕ್ಕೆ ಸರಿದೂಗಿಸಿದರೆ ಒಪ್ಪಬೇಡ; ಮೊದಲನೆಯದಕ್ಕೆ ತೆರಿಗೆ ಇನ್ನೂ ಬಾಕಿ.

ಅವನ ಬೆಂಗಳೂರಿನ ಇಪಿಎಫ್‌ಗೆ ಕ್ವಾಡ್ರೋ ನಡೆಯದು. ಅದರಲ್ಲಿ ಮದುವೆಯ ನಂತರದ ದುಡಿಮೆ ಇದ್ದರೆ ಅಷ್ಟಕ್ಕೆ ಅಮೆರಿಕದ ಆಸ್ತಿಯಲ್ಲಿ ಸರಿದೂಗಿಸಿಕೊಳ್ಳಿ.

ಇನ್ನೊಂದು ಮಾತು, ತಾರೀಖಿನದು. ನಿಮ್ಮ ಮದುವೆಗೆ ಈಗ ಒಂಬತ್ತು ವರ್ಷ ಎಂಟು ತಿಂಗಳು. ಪೂರ್ತಿ ಹತ್ತು ವರ್ಷ ಆದಮೇಲೆ ಡೈವೋರ್ಸ್ ಅಂತಿಮವಾದರೆ, 62 ದಾಟಿದ ಮೇಲೆ ಅವನ ಸೋಷಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ನಿವೃತ್ತಿ ವೇತನ) ದಾಖಲೆಯ ಮೇಲೆ ಅವನ ಪೂರ್ಣ ಮೊತ್ತದ ಅರ್ಧದವರೆಗೆ ಕೇಳಬಹುದು. ನೀನು ಆಗ ಮರುಮದುವೆಯಲ್ಲಿ ಇರಬಾರದು, ನಿನ್ನ ಸ್ವಂತದ್ದು ಅದಕ್ಕಿಂತ ಕಡಿಮೆ ಇರಬೇಕು. ಅವನಿಗೆ ಬರುವುದರಲ್ಲಿ ಪೈಸೆಯೂ ಕಡಿಮೆಯಾಗದು. ಒಂದು ದಿನ ಕಡಿಮೆಯಾದರೂ ಈ ಹಕ್ಕು ಇಲ್ಲ. ನಾಲ್ಕು ತಿಂಗಳು ತಡೆ.

ತೀರ್ಪು ಅಂತಿಮವಾದ ದಿನವೇ ನಿನ್ನ ಸ್ವಂತ 401ಕೆಯಲ್ಲಿ ನಾಮಿನಿ ಹೆಸರು ಬದಲಿಸು. ಡೈವೋರ್ಸ್ ಆಗಿದ್ದರೂ ಪ್ಲಾನ್‌ನವರು ಫಾರಂನಲ್ಲಿರುವ ಹೆಸರಿಗೇ ಹಣ ಕೊಡುತ್ತಾರೆ. ಕೇಸು ನಡೆಯುತ್ತಿರುವಾಗ ಮಾತ್ರ ಮುಟ್ಟಬೇಡ, ಕೋರ್ಟಿನ ತಡೆ ಇರುತ್ತದೆ.

ಸ್ಟೇಟ್‌ಮೆಂಟ್‌ಗಳು ಬಂದಕೂಡಲೇ ಸ್ಕ್ಯಾನ್ ಮಾಡಿ ಕಳಿಸು. ಭಾನುವಾರ ಫೋನಿನಲ್ಲಿ ಕೂತು ಸಾಲುಸಾಲಾಗಿ ನೋಡೋಣ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ದೊಡ್ಡಪ್ಪ